ಸಿನಿಮಾ ಬಿಟ್ಟುಹೋದ ಸಹಿ

'ಸೂರರೈ ಪೋಟ್ರು'ವಿನ ಒಂದು ದೃಶ್ಯ ನೋಡಿದವರ ಮನಸ್ಸಿನಿಂದ ಹೋಗುವುದಿಲ್ಲ. ಅಪ್ಪ ಸಾವಿನ ಹಾಸಿಗೆಯಲ್ಲಿದ್ದಾನೆ, ಊರಿಗೆ ಹೋಗಲು ಟಿಕೆಟ್ಟಿನ ದುಡ್ಡು ಸಾಲದು. ವಿಮಾನ ನಿಲ್ದಾಣದಲ್ಲಿ ಗುರುತು ಪರಿಚಯವಿಲ್ಲದವರ ಮುಂದೆಲ್ಲ ನಾಯಕ ಕೈಯೊಡ್ಡುತ್ತಾನೆ. ಬಡವನಿಗೂ ವಿಮಾನ ಬೇಕೆಂಬ ಹಟ ಎಲ್ಲಿ ಹುಟ್ಟಿತೆಂದು ನಿರ್ದೇಶಕಿ ಸುಧಾ ಕೊಂಗರ ಇಷ್ಟರಲ್ಲೇ ಮನಗಾಣಿಸುತ್ತಾರೆ.

ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕನ್ನು ಆಧರಿಸಿದ 2020ರ ಈ ತಮಿಳು ಚಿತ್ರದ ಬಗ್ಗೆ ನನ್ನ ತಕರಾರಿರುವುದು ಕೊನೆಯಲ್ಲಿ. ವಿಜಯ್ ಮಲ್ಯರನ್ನು ನೆನಪಿಸುವ ಬಾಲಯ್ಯ ಪಾಲುದಾರಿಕೆಗೆ ಕರೆಯುತ್ತಾನೆ, ನಾಯಕ ನಯವಾಗಿ ಒಲ್ಲೆನೆನ್ನುತ್ತಾನೆ. ಗೋಪಿನಾಥ್ ಒಲ್ಲೆನೆನ್ನಲಿಲ್ಲ. 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ 48 ಸೀಟಿನ ವಿಮಾನ ಹಾರಿಸಿದ ಅವರ ಏರ್ ಡೆಕ್ಕನ್, ನಾಲ್ಕೇ ವರ್ಷಕ್ಕೆ 67 ಊರು ಮುಟ್ಟಿತ್ತು. ನಷ್ಟವೂ ಜೊತೆಜೊತೆಗೇ ಬೆಳೆದಿತ್ತು. 2007ರಲ್ಲಿ ಶೇ 26ರಷ್ಟು ಪಾಲು 550 ಕೋಟಿ ರೂಪಾಯಿಗೆ ಮಲ್ಯರ ಯುಬಿ ಸಮೂಹದ ಕೈಸೇರಿತು.

ಮಲ್ಯರಿಗೂ ಇದರಲ್ಲಿ ಗರಜು ಇತ್ತು. ವಿದೇಶಕ್ಕೆ ಹಾರಬೇಕಾದರೆ ದೇಶದೊಳಗೆ ಐದು ವರ್ಷ ಹಾರಿರಬೇಕೆಂಬುದು ಆಗಿನ ನಿಯಮ. 2005ರಲ್ಲಿ ಶುರುವಾದ ಅವರ ವಿಮಾನ ಸಂಸ್ಥೆ ಕಿಂಗ್‌ಫಿಷರ್‌ಗೆ ಅಷ್ಟು ವಯಸ್ಸಾಗಿರಲಿಲ್ಲ, ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಐದು ತುಂಬಿತು. ಆ ವಯಸ್ಸಿನ ಬಲದ ಮೇಲೆ ಮರುತಿಂಗಳೇ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾರಿತು.

ವಿಜಯಪುರದ ಗಾಂಧಿ ಚೌಕದ ವ್ಯಾಪಾರಸ್ಥರನ್ನು ಕೇಳಿ ನೋಡಿ: ಪಾಲು ಒಡೆದಾಗ ಮಾಲಿಗಿಂತ ಮೊದಲು ಜಗಳ ಬೀಳುವುದು ಅಂಗಡಿ ಬೋರ್ಡಿನ ಹೆಸರಿಗೆ. ಇಲ್ಲಿ ಆ ಹೆಸರೇ ಹೋಯಿತು. ಆರ್.ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್' ಡೆಕ್ಕನ್ನಿನ ಗುರುತಾಗಿದ್ದ. ಆ ಬಡಪಾಯಿಯ ವಿಮಾನ ಮೊದಲು 'ಸಿಂಪ್ಲಿಫ್ಲೈ ಡೆಕ್ಕನ್' ಆಗಿ, 2008ರಲ್ಲಿ 'ಕಿಂಗ್‌ಫಿಷರ್ ರೆಡ್' ಆಯಿತು. ಅಗ್ಗದ ದರವನ್ನೇ ನಂಬಿ ಕಟ್ಟಿದವರೊಬ್ಬರು, ಥಳಕನ್ನೇ ನಂಬಿದವರೊಬ್ಬರು. ಇಬ್ಬರಿಗೂ ಒಂದೇ ಸೂರು ಹೊಂದುವುದಾದರೂ ಹೇಗೆ? 2011ರಲ್ಲಿ ಮಲ್ಯರು ಅಗ್ಗದ ಸೇವೆಯನ್ನು ಕೈಬಿಟ್ಟರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನಗಳೆಲ್ಲ ನಿಂತುಹೋದವು.

ಸಿನಿಮಾ ಎಲ್ಲ ಕೇಡನ್ನೂ ಪರೇಶ್ ಗೋಸ್ವಾಮಿ ಎಂಬ ಹೊರಗಿನ ಖಳನ ತಲೆಗೆ ಕಟ್ಟುತ್ತದೆ. ಖಳನನ್ನು ಸೋಲಿಸುವುದು ಪರದೆಯ ಮೇಲೆ ಸುಲಭ. ಕಟ್ಟಿದ್ದನ್ನು ಉಳಿಸಿಕೊಳ್ಳಲೆಂದೇ ಪಾಲುಗಾರನನ್ನು ಕರೆತಂದು, ಅದು ತನ್ನ ಕಣ್ಣೆದುರೇ ಅಳಿಯುವುದನ್ನು ನೋಡಬೇಕಾದ ಮನುಷ್ಯನ ಸಂಕಟ ಅದಕ್ಕಿಂತ ಎಷ್ಟೋ ದೊಡ್ಡದು. ನಾಯಕನಾಗಿ ನಟಿಸಿದ ಸೂರ್ಯ ಅವರಂಥ ನಟನಿಗೆ ಸಿಗಬೇಕಾಗಿದ್ದ ಪಾತ್ರ ಅದು. 2024ರಲ್ಲಿ ಸುಧಾ ಇದನ್ನೇ ಹಿಂದಿಯಲ್ಲಿ 'ಸರ್ಫಿರಾ' ಎಂದು ಮತ್ತೆ ತೆಗೆದರು. ಆಗಲೂ ಕತೆ ಆ ಮಾರಾಟದವರೆಗೆ ಹೋಗಲಿಲ್ಲ.