ನಿಂತಾಗ ಕಾಯುವ ಗಾಡಿ

ಬಿಸಿಲು ಏರುತ್ತಲೇ ವಾಚಕರಿಂದ ಬರತೊಡಗಿದ ಕಾಗದಗಳೆಲ್ಲವೂ ಒಂದೇ ಅಳಲನ್ನು ತೋಡಿಕೊಳ್ಳುತ್ತಿವೆ. ತುಮಕೂರು ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಓಡುವಾಗ ಸಾಧುವಾಗಿರುವ ಗಾಡಿ, ಸಿಲ್ಕ್ ಬೋರ್ಡಿನ ಸಂದಣಿಯಲ್ಲಿ ಹತ್ತು ನಿಮಿಷ ನಿಂತಿತೆಂದರೆ ಮುಳ್ಳನ್ನು ಕೆಂಪು ಗೆರೆಗೆ ಏರಿಸಿ ಬುಸುಗುಟ್ಟುವುದೇಕೆ?

ಪ್ರಶ್ನೆಯಲ್ಲಿಯೇ ಉತ್ತರವಡಗಿದೆ. ಓಡುವ ಗಾಡಿಯ ರೇಡಿಯೇಟರಿಗೆ ಗಾಳಿಯನ್ನು ಯಾರೂ ಒದಗಿಸಬೇಕಾಗಿಲ್ಲ, ವೇಗವೇ ಅದನ್ನು ಒಳನುಗ್ಗಿಸುತ್ತದೆ. ನಿಂತ ಗಾಡಿಗೆ ಫ್ಯಾನೊಂದೇ ಗತಿ. ಆದುದರಿಂದ ಓಟದಲ್ಲಿಯೂ ಚಾರ್ಮಾಡಿಯಂಥ ಘಾಟಿಯ ಏರಿನಲ್ಲಿಯೂ ಕಾಯುವ ಎಂಜಿನ್ನಿನಲ್ಲಿ ಒಳಗೆ ಪಾಚುಗಟ್ಟಿದ ರೇಡಿಯೇಟರನ್ನು, ಸವೆದ ವಾಟರ್ ಪಂಪನ್ನು, ಹೋದ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸುವುದು ನ್ಯಾಯ. ನಿಂತಲ್ಲಿ ಮಾತ್ರ ಕಾದು, ಹೊರಟೊಡನೆ ತಣ್ಣಗಾಗುವ ಎಂಜಿನ್ನಿಗೆ, ನೀರಿನ ಮಟ್ಟ ಸರಿಯಿದ್ದ ಪಕ್ಷದಲ್ಲಿ, ಕೊರತೆಯಾಗಿರುವುದು ಗಾಳಿಯೇ.

ಅಂಬಾಸಡರ್, ಪದ್ಮಿನಿಗಳ ಫ್ಯಾನು ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತಿತ್ತು. ಎಂಜಿನ್ ಮಂದವಾದರೆ ಅದೂ ಮಂದ, ಅಂದರೆ ಗಾಳಿ ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅದು ಬೀಸುತ್ತಿದ್ದುದು ಅತ್ಯಲ್ಪ. 1983ರ ಕೊನೆಯಲ್ಲಿ ಬಂದ ಮಾರುತಿ 800, ಎಂಜಿನ್ನನ್ನು ಅಡ್ಡಲಾಗಿ ಕೂರಿಸಿಕೊಂಡು, ಫ್ಯಾನಿಗೆ ಸ್ವಂತ ಮೋಟಾರನ್ನು ಕೊಟ್ಟಿತು. ಅಂದಿನಿಂದ ಫ್ಯಾನಿನ ರೋಗವೆಂಬುದು ಬಹುಪಾಲು ವಿದ್ಯುತ್ತಿನ ರೋಗವಾಗಿದೆ. ಪರೀಕ್ಷೆ ಸುಲಭ: ಒಂದೇ ಫ್ಯಾನಿರುವ ಗಾಡಿಯಲ್ಲಿ ಎ.ಸಿ. ಹಾಕಿದಾಗ ತಿರುಗಿ, ಬರಿಯ ಕಾವಿಗೆ ತಿರುಗದಿದ್ದರೆ ಸೆನ್ಸರನ್ನು ನೋಡಿರಿ. ಎರಡಕ್ಕೂ ತಿರುಗದಿದ್ದರೆ ಬ್ಯಾಟರಿಯಿಂದ ನೇರವಾಗಿ ವೈರು ಕೊಟ್ಟು, ಆಗ ತಿರುಗಿದಲ್ಲಿ ಫ್ಯೂಸು, ರಿಲೇಗಳನ್ನೂ, ಆಗಲೂ ತಿರುಗದಲ್ಲಿ ಮೋಟಾರನ್ನೇ ಶಂಕಿಸಿರಿ. ತಿರುಗುತ್ತಿದ್ದರೂ ನೆಮ್ಮದಿ ಬೇಡ. ಗ್ರಿಲ್ಲಿನ ಮುಂದೆ ಒಂದು ಹಾಳೆ ಹಿಡಿಯಿರಿ; ಒಳಕ್ಕೆ ಎಳೆದುಕೊಳ್ಳುವ ಬದಲು ಹೊರಕ್ಕೆ ತಳ್ಳಿದರೆ, ಮೋಟಾರು ಬದಲಿಸಿದವರಾರೋ ವೈರುಗಳನ್ನು ಅದಲುಬದಲು ಮಾಡಿದ್ದಾರೆ. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಣ ಸಂದಿಯಲ್ಲಿ ಕೂತ ಧೂಳು, ಹುಳು, ಹತ್ತಿಗಳನ್ನು ಮುಂದಿನಿಂದ ನೋಡಿದವರು ಕಾಣಲಾರರು. ಫ್ಯಾನಿನ ಸುತ್ತಣ ಪ್ಲಾಸ್ಟಿಕ್ ಕವಚವನ್ನು ಬಿಚ್ಚಿಟ್ಟು ಮರೆಯುವ ಗ್ಯಾರೇಜುಗಳಂತೂ ಹಲವು. ಆ ಕವಚವಿಲ್ಲದ ಫ್ಯಾನು ರೇಡಿಯೇಟರಿನ ಮೂಲಕ ಗಾಳಿಯನ್ನು ಸೆಳೆಯದೆ, ತನ್ನ ಅಂಚಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿರುತ್ತದೆ.

ಮಂದಗತಿಯ ಈ ಸಂಕಟ ಮೋಟಾರು ಗಾಡಿಯ ಬಾಲ್ಯದಿಂದಲೂ ಉಂಟು. ಎಮಿಲ್ ಯೆಲ್ಲಿನೆಕ್ ಎಂಬ ಶ್ರೀಮಂತನು ತನ್ನ ಮಗಳ ಹೆಸರಿಟ್ಟು ಮಾರಿದ 35 ಅಶ್ವಶಕ್ತಿಯ ಮರ್ಸಿಡಿಸ್ ಗಾಡಿಗೆಂದು, ಡೈಮ್ಲರ್ ಕಾರ್ಖಾನೆಯ ವಿಲ್ಹೆಲ್ಮ್ ಮೇಬಾಖ್ 1900-01ರಲ್ಲಿ ರಚಿಸಿದ ಜೇನುಗೂಡಿನ ರೇಡಿಯೇಟರನ್ನು ನಾನು ಯಂತ್ರಶಿಲ್ಪದ ಅಭಿಜಾತ ಕೃತಿಗಳ ಸಾಲಿನಲ್ಲಿ ಇರಿಸುತ್ತೇನೆ. 8,070 ಪುಟ್ಟ ಚೌಕ ಕೊಳವೆಗಳನ್ನು ಒಂದಕ್ಕೊಂದು ಬೆಸೆದು, ಹಿಂದೆ 18 ಲೀಟರ್ ನೀರು ಬೇಡುತ್ತಿದ್ದ ಕೆಲಸವನ್ನು 9 ಲೀಟರಿನಲ್ಲಿ ಮುಗಿಸಿದ ಆ ಪುಣ್ಯಾತ್ಮನು, ಅಷ್ಟಕ್ಕೇ ತೃಪ್ತನಾಗದೆ, ಗಾಡಿ ನಿಧಾನವಾಗಿ ಚಲಿಸುವಾಗ ಗಾಳಿ ಸಾಲದೆಂದು ಅದರ ಹಿಂಬದಿಗೆ ಫ್ಯಾನೊಂದನ್ನೂ ಇರಿಸಿದನು. ಅಂದು ಆತನು ಯೋಚಿಸಿದ ಸಂಗತಿಯನ್ನು ಇಂದಿನ ನಮ್ಮ ರಿಪೇರಿಯವರಲ್ಲಿ ಒಂದು ಪಂಥವು ಇನ್ನೂ ಯೋಚಿಸಿಲ್ಲ. ಆ ಪಂಥವೇ ವಾಲ್ವ್ ಕೀಳುವವರ ಪಂಥ.

ಹೀಟಿಂಗ್ ಎಂದೊಡನೆ "ವಾಲ್ವ್ ತೆಗೆದುಬಿಡ್ತೀನಿ ಸಾರ್, ನಮ್ಮ ಬಿಸಿಲಿಗೆ ಅದು ಬೇಕಾಗೇ ಇಲ್ಲ" ಎಂದು ಥರ್ಮೋಸ್ಟಾಟನ್ನು ಕಿತ್ತು ಕಸದ ಡಬ್ಬಿಗೆ ಹಾಕುವ ಈ ಸಂಪ್ರದಾಯಕ್ಕೆ ಒಂದು ಕಾಲದಲ್ಲಿ ಕಾರಣವಿಲ್ಲದಿರಲಿಲ್ಲ. ಕೊಳವೆಬಾವಿಯ ಗಡಸು ನೀರನ್ನೇ ಎಂಜಿನ್ನಿಗೂ ಕುಡಿಸುತ್ತಿದ್ದ ದಿನಗಳಲ್ಲಿ ಸುಣ್ಣ ಕಟ್ಟಿ ವಾಲ್ವು ಮುಚ್ಚಿದಂತೆಯೇ ಅಂಟಿಕೊಳ್ಳುತ್ತಿತ್ತು; ಕಿತ್ತರೆ ಗಾಡಿ ಮನೆ ಸೇರುತ್ತಿತ್ತು. ಆ ಆಪದ್ಧರ್ಮವನ್ನು ನಿತ್ಯಧರ್ಮವಾಗಿಸಿದುದೇ ಅನರ್ಥ. 82 ಎಂದೋ 88 ಎಂದೋ ಮೈಮೇಲೆ ಮುದ್ರೆ ಹೊತ್ತ ಆ ವಾಲ್ವು, ನೀರು ಆ ಕಾವಿಗೆ ಬರುವ ತನಕ ಮಾತ್ರ ರೇಡಿಯೇಟರಿನ ದಾರಿಯನ್ನು ತಡೆದು, ಅನಂತರ ತೆರೆದುಕೊಳ್ಳುತ್ತದೆ. ನಿಂತ ಗಾಡಿ ನೂರರ ಮೇಲೆ ಕಾದಿರುವಾಗ ಸುಸ್ಥಿತಿಯ ವಾಲ್ವು ಆಗಲೇ ತೆರೆದಿರುವುದರಿಂದ, ಅದನ್ನು ಕೀಳುವುದರಿಂದ ಬರುವ ಲಾಭವಾದರೂ ಏನು? ಲಾಭವಿಲ್ಲದಿರುವುದಷ್ಟೇ ಅಲ್ಲ. ಅನೇಕ ಎಂಜಿನ್ನುಗಳಲ್ಲಿ ಈ ವಾಲ್ವಿನ ಕೆಳಬಿಲ್ಲೆಯು, ಮೇಲ್ದಾರಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಕಿತ್ತೊಡನೆ ಆ ಅಡ್ಡದಾರಿ ಸದಾ ತೆರೆದಿದ್ದು, ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಎಂಜಿನ್ನಿಗೆ ಮರಳಿ, ಕಾವು ಇನ್ನಷ್ಟು ಏರುತ್ತದೆ. ಇತ್ತ ಹೆದ್ದಾರಿಯಲ್ಲಿ ಅದೇ ಎಂಜಿನ್ ತಕ್ಕ ಕಾವಿಗೆ ಬಾರದೆ, ಕಂಪ್ಯೂಟರು ಅದು ಇನ್ನೂ ತಣ್ಣಗಿದೆಯೆಂದು ಬಗೆದು ಹೆಚ್ಚು ಪೆಟ್ರೋಲು ಸುರಿದು, ಆ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಸವೆತವನ್ನು ತರುತ್ತದೆ.

ರೇಡಿಯೇಟರ್ ಮುಚ್ಚಳದ ವಿಷಯದಲ್ಲಿಯೂ ಇಂಥದೇ ಔದಾಸೀನ್ಯ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, 0.9 ಬಾರ್ ಮುದ್ರೆಯ ಮುಚ್ಚಳ ಸರಿಯಾಗಿ ಬಿಗಿದಿದ್ದರೆ ಪ್ರೆಶರ್ ಕುಕ್ಕರಿನಂತೆ 115 ಡಿಗ್ರಿಯವರೆಗೂ ತಡೆಯುತ್ತದೆ. ಅದರ ರಬ್ಬರು ಸೆಟೆದಿದ್ದರೆ ಹೊಸದನ್ನು ಜೆ.ಸಿ. ರಸ್ತೆಯಲ್ಲಿ ಅಲ್ಪ ಬೆಲೆಗೆ ಕೊಳ್ಳಬಹುದು.

ಸಂದಣಿಯ ನಡುವೆ ಸಿಕ್ಕಿಕೊಂಡವರು ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಹಾಕಿ ಕಿಟಕಿ ತೆರೆಯಲಿ. ಹೀಟರೂ ಒಂದು ಕಿರಿಯ ರೇಡಿಯೇಟರೇ. ಅದಕ್ಕೂ ಮುಳ್ಳು ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ, ಅದು ತಣಿಯುವ ತನಕ ಮುಚ್ಚಳಕ್ಕೆ ಕೈಹಚ್ಚದಿರಲಿ. ಮರುದಿನ ಗ್ಯಾರೇಜಿಗೆ ಒಯ್ದಾಗ ಫ್ಯಾನನ್ನು ಕಣ್ಣೆದುರಿಗೇ ತಿರುಗಿಸಿ ತೋರಿಸುವಂತೆ ಕೇಳಿರಿ. ವಾಲ್ವ್ ಕೆಟ್ಟಿದೆಯೆಂದರೆ ಅದೇ ಅಂಕಿಯ ಹೊಸ ವಾಲ್ವ್ ಹಾಕಿಸದೆ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿರಿ.