ಗುಮ್ಮಟ ಯಾರ ನೆತ್ತಿಯ ಮೇಲಿದೆ?

ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸನ್ನು, ಹಳಬರ ಬಾಯಲ್ಲಿ ಇನ್ನೂ ವಿ.ಟಿ.ಯಾಗಿಯೇ ಉಳಿದಿರುವ ನಿಲ್ದಾಣವನ್ನು, ಹೊಗಳದವರಿಲ್ಲ. 1878ರಲ್ಲಿ ಶುರುವಾಗಿ ಹತ್ತು ವರ್ಷ ನಡೆದ ಕೆಲಸ, ಎಫ್. ಡಬ್ಲ್ಯು. ಸ್ಟೀವನ್ಸ್‌ನ ನಕ್ಷೆ, 2004ರ ವಿಶ್ವ ಪರಂಪರೆಯ ಪಟ್ಟ, ಎಲ್ಲ ಗೊತ್ತಿದ್ದದ್ದೇ. ನನ್ನ ತಕರಾರು ಗುಮ್ಮಟದ್ದು.

ಎಂಟು ಮೂಲೆಯ ಆ ಕಲ್ಲಿನ ಗುಮ್ಮಟದ ಕೆಳಗೆ ಏನಿದೆ? ಟಿಕೆಟ್ ಕಿಟಕಿಯಿಲ್ಲ, ಪ್ಲಾಟ್‌ಫಾರ್ಮ್ ಇಲ್ಲ, ಪ್ರಯಾಣಿಕರು ಕೂರುವ ಜಾಗವೂ ಅಲ್ಲ. ಇರುವುದು ಒಂದು ಮೆಟ್ಟಿಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಸಾಹೇಬರು ಕಚೇರಿಗೆ ಹತ್ತುತ್ತಿದ್ದ ಮೆಟ್ಟಿಲು; ಈಗ ಮಧ್ಯ ರೈಲ್ವೆಯವರದು. ನಮ್ಮ ಗುಡಿಗಳಲ್ಲಿ ಕಳಶ ಎಲ್ಲಿದೆಯೋ ಅದರಡಿ ದೇವರು. ಸ್ಟೀವನ್ಸ್‌ನ ಲೆಕ್ಕದಲ್ಲಿ ಆ ದೇವರು ಕಂಪನಿಯ ಆಡಳಿತ. ಮೇಲೆ ದೀವಟಿಗೆ ಎತ್ತಿ ಹಿಡಿದ 'ಪ್ರಗತಿ'ಯ ಪ್ರತಿಮೆ. ರೈಲು ಹತ್ತುವವರು ಪಕ್ಕದ ಶೆಡ್ಡಿನಲ್ಲಿ.

ಇದನ್ನು ಗಾಥಿಕ್ ಮತ್ತು ಭಾರತೀಯ ಶೈಲಿಗಳ ಸಂಗಮ ಎನ್ನುವ ವಿಮರ್ಶಕರು ಸಾಕ್ಷಿಗೆ ಕರೆಯುವುದು ಬಾಂಬೆ ಸ್ಕೂಲ್ ಆಫ್ ಆರ್ಟ್ ವಿದ್ಯಾರ್ಥಿಗಳ ಕೆತ್ತನೆಯನ್ನು. ನವಿಲು, ಎಲೆಬಳ್ಳಿ ಅವರದು, ನಿಜ. ನಕ್ಷೆ ಅವರದಲ್ಲ. ಗೇಟಿನ ಕಂಬಗಳ ಮೇಲೆ ಬ್ರಿಟನ್ನಿನ ಸಿಂಹ ಒಂದೆಡೆ, ಭಾರತದ ಹುಲಿ ಇನ್ನೊಂದೆಡೆ ಕೂತದ್ದರಲ್ಲಿ ಸಮಾನತೆ ಕಾಣುವವರೂ ಇದ್ದಾರೆ. ಎರಡೂ ಕಾಯುತ್ತಿರುವುದು ಅದೇ ಕಚೇರಿಯ ಬಾಗಿಲನ್ನು, ಸ್ವಾಮಿ!

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲೂ ಮುಂದೆ ಹೋಟೆಲು, ಹಿಂದೆ ರೈಲು, ಕಾಲದ ಪದ್ಧತಿಯೇ ಹಾಗೆ ಎಂಬ ಸಮರ್ಥನೆಯೂ ಉಂಟು. ಇರಬಹುದು. ಆದರೆ ಅಲ್ಲಿ ಬಾರ್ಲೋ ಕಟ್ಟಿದ ಶೆಡ್ಡು ಒಂದೇ ಕಮಾನಿನಲ್ಲಿ ಸುಮಾರು 73 ಮೀಟರ್ ದಾಟಿ ಹೋಟೆಲಿಗೇ ಸಡ್ಡು ಹೊಡೆಯುತ್ತದೆ. ವಿ.ಟಿ.ಯ ಶೆಡ್ಡು ನೋಡಲೆಂದು ಯಾರೂ ಹೋಗುವುದಿಲ್ಲ.

ಒಪ್ಪಬೇಕಾದ್ದು ಒಂದಿದೆ. ಲೋಕಲ್ ಟಿಕೆಟ್ ಕೊಡುವ ಹಜಾರದ ಚಾವಣಿ ತುಂಬ ನೀಲಿಯ ಮೇಲೆ ಚಿನ್ನದ ನಕ್ಷತ್ರಗಳು. ಪಾಸಿಗೆ ಸಾಲು ನಿಂತವನಿಗೂ ಪುಕ್ಕಟೆ. ಸ್ಟೀವನ್ಸ್‌ಗೆ ಜನ ನೆನಪಾದದ್ದು ಇಲ್ಲಿ ಮಾತ್ರ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದವರಿಗೆ ಅದೂ ಸಿಗುವುದಿಲ್ಲ. 18 ಪ್ಲಾಟ್‌ಫಾರ್ಮುಗಳಲ್ಲಿ ದೂರದ ಗಾಡಿಗಳಿಗೆ 8ರಿಂದಾಚೆಯವು. ಅಲ್ಲಿ ಇಳಿದು ಪೂರ್ವದ ಪಿ. ಡಿಮೆಲ್ಲೊ ರಸ್ತೆಯ ಕಡೆ ಟ್ಯಾಕ್ಸಿ ಹಿಡಿದರೆ ಗುಮ್ಮಟದ ಮುಖವೇ ಕಾಣದು. ಅದರಡಿ ನಿಂತು ತಲೆ ಎತ್ತಬೇಕೆಂದರೆ ಕಟ್ಟಡ ನೋಡುವವರ ಟಿಕೆಟ್ ಬೇರೆ ಕೊಳ್ಳಬೇಕು. ರೈಲಿನ ಟಿಕೆಟ್ ಅಲ್ಲಿ ನಡೆಯುವುದಿಲ್ಲ.