ಹದಿನೆಂಟು ಕೋಟಿ ಡಾಲರಿನ ಗೀಚಾಟ

'ಡ್ರಾ ಸಮ್‌ಥಿಂಗ್' ನೆನಪಿದೆಯಾ? 2012ರ ಮಾರ್ಚ್‌ನಲ್ಲಿ ಕ್ಯಾಬ್‌ನಲ್ಲಿ, ಕ್ಯಾಂಟೀನಿನಲ್ಲಿ, ಕೊನೆಗೆ ಸ್ಟೇಟಸ್ ಮೀಟಿಂಗಿನ ಮೇಜಿನ ಕೆಳಗೂ ಜನ ಫೋನ್ ಮೇಲೆ ಬೆರಳಾಡಿಸಿ ಆನೆ, ಕೊಡೆ, ಕುದುರೆ ಅಂತ ಗೀಚ್ತಾ ಕೂತಿದ್ದರಲ್ಲ, ಅದೇ ಆಟ. ಅದನ್ನು ಕಟ್ಟಿದ ಒಎಂಜಿಪಾಪ್ ಕಂಪನಿಯ ನ್ಯೂಯಾರ್ಕ್ ಕಚೇರಿಯನ್ನು ಮುಚ್ಚುವುದಾಗಿ 2013ರ ಜೂನ್ 3ರಂದು ಅದರ ಒಡೆಯ ಜಿಂಗಾ ಹೇಳಿತು. ಅದೇ ದಿನ 520 ಜನರ ಕೆಲಸ ಹೋಗುವ ಸುದ್ದಿಯೂ ಬಂತು. ಅಂದ್ರೆ ಜಿಂಗಾದ ಒಟ್ಟು ನೌಕರರಲ್ಲಿ ಸುಮಾರು ನೂರಕ್ಕೆ ಹದಿನೆಂಟು ಜನ. ಒಎಂಜಿಪಾಪನ್ನು ಅವರು ಕೊಂಡು ಹದಿನೈದು ತಿಂಗಳೂ ತುಂಬಿರಲಿಲ್ಲ.

ಮೊದಲು ಆಟದ ಬಗ್ಗೆಯೇ ಮಾತಾಡೋಣ, ಯಾಕಂದ್ರೆ ಇಂಥ ಖರೀದಿಗಳ ಸುದ್ದಿಯಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಚರ್ಚೆಯಾಗುತ್ತೆ. ನಿಮಗೆ ಮೂರು ಪದ ಕೊಡ್ತಾರೆ, ಒಂದನ್ನು ಆರಿಸಿ ಚಿತ್ರ ಬರೀತೀರಿ. ಗೆಳೆಯ ತನಗೆ ಬಿಡುವಾದಾಗ ಅದನ್ನು ನೋಡಿ ಊಹಿಸ್ತಾನೆ. ಗೆಲ್ಲೋರಿಲ್ಲ, ಸೋಲೋರಿಲ್ಲ. ಇಬ್ಬರೂ ಸೇರಿ ಎಷ್ಟು ಸುತ್ತು ಕಡಿಯದೆ ಎಳೀತೀರಿ ಅನ್ನೋದೇ ಲೆಕ್ಕ. ನಿಜಕ್ಕೂ ಒಳ್ಳೇ ಐಡಿಯಾ. ಸೋತವನನ್ನು ಹಂಗಿಸದೆ ಇಬ್ಬರನ್ನು ನಗಿಸುವ ಆಟ ಕಟ್ಟೋದು ಸುಲಭದ ಕೆಲಸವಲ್ಲ. ಆದರೆ ಎರಡು ವಾರ ಆಡಿದರೆ ಅದೇ ಪದಗಳು ತಿರುಗಿ ಬರ್ತವೆ, ಬೇಜಾರಾದವನು ಚಿತ್ರದ ಬದಲು ಸ್ಪೆಲ್ಲಿಂಗನ್ನೇ ಬರೆದು ಕಳಿಸ್ತಾನೆ, ಹೊಸ ಬಣ್ಣ ಬೇಕಂದ್ರೆ ಕಾಯಿನ್ ಕೇಳ್ತಾರೆ. ಟೂರಿಗೆ ಹೋಗುವ ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿದ ಹಾಗೆ. ಆಡುವಷ್ಟು ಹೊತ್ತು ಸ್ವರ್ಗ, ನಿಜ. ಹಾಗಂತ ಯಾರೂ ಇಳಿಯುವಾಗ ಬಸ್ಸನ್ನೇ ಕೊಂಡುಕೊಳ್ಳೋದಿಲ್ಲ.

ಜಿಂಗಾ ಕೊಂಡಿತು. ಬೆಲೆ ಸುಮಾರು 18 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 900 ಕೋಟಿ ರೂಪಾಯಿ. ಒಎಂಜಿಪಾಪ್‌ನವರನ್ನು ದೂರಬೇಡಿ. ವರ್ಷಗಟ್ಟಲೆ ಒಂದಾದ ಮೇಲೊಂದು ಆಟ ಮಾಡಿ, ಯಾವುದೂ ಹೇಳಿಕೊಳ್ಳುವ ಹಾಗೆ ಓಡದೆ ಸುಸ್ತಾಗಿದ್ದವರು. ಈ ಒಂದು ಆಟ ಬಿಡುಗಡೆಯಾದ ಆರೇ ವಾರದಲ್ಲಿ ಮೂರೂವರೆ ಕೋಟಿ ಡೌನ್‌ಲೋಡ್ ಕಂಡಿತು. ಅಂಥ ಹೊತ್ತಿನಲ್ಲಿ ಬಾಗಿಲು ತಟ್ಟಿದವನನ್ನು ವಾಪಸ್ ಕಳಿಸೋ ಧೈರ್ಯ ನನಗಂತೂ ಇರ್ತಿರಲಿಲ್ಲ.

ಪ್ರಶ್ನೆ ಕೊಂಡವರದ್ದು. ಒಡೆಯ ಮಾರ್ಕ್ ಪಿಂಕಸ್ ತನ್ನ ನಾಯಿಯ ಹೆಸರಿಟ್ಟ ಈ ಕಂಪನಿಗೆ (ಲೋಗೋದಲ್ಲಿರೋದು ಅದೇ ನಾಯಿ) ಆಗ ಒಳಗೊಳಗೇ ಭಯ. ಫಾರ್ಮ್‌ವಿಲ್ ಮೂಲಕ ಗಳಿಸಿದ್ದೆಲ್ಲ ಫೇಸ್‌ಬುಕ್‌ನ ಜಗಲಿಯ ಮೇಲೆ ಕೂತು ಗಳಿಸಿದ್ದು. ಮನೆಯೊಡೆಯ ನಿಯಮ ಬದಲಿಸಿದ ದಿನ ಕಥೆ ಮುಗೀತು. ಜನ ನೋಡಿದರೆ ಕಂಪ್ಯೂಟರ್ ಬಿಟ್ಟು ಫೋನಿನ ಕಡೆ ಹೊರಟಿದ್ದಾರೆ. 2011ರ ಡಿಸೆಂಬರ್‌ನಲ್ಲಿ ಷೇರಿಗೆ 10 ಡಾಲರಿನಂತೆ ಮಾರುಕಟ್ಟೆಯಿಂದ ಎತ್ತಿದ 100 ಕೋಟಿ ಡಾಲರ್ ಕೈಲಿತ್ತು. ಫೋನಿನಲ್ಲಿ ನಾವೂ ಇದ್ದೀವಿ ಅಂತ ತೋರಿಸೋಕೆ ಒಂದು ಗ್ರಾಫ್ ಬೇಕಿತ್ತು. ಆ ತಿಂಗಳು ಅತಿ ಕಡಿದಾಗಿ ಏರುತ್ತಿದ್ದ ಗ್ರಾಫ್ ಇದೇ.

ಆದರೆ ಆ ಏರಿನೊಳಗೇ ಇಳಿಜಾರಿತ್ತು. ಇಂಥ ಆಟ ಬೆಳೆಯೋದು ಒಬ್ಬ ಇನ್ನೊಬ್ಬನನ್ನು ಕರೆದು. ಕರೆಯಬೇಕಾದವರೆಲ್ಲ ಬಂದು ಮುಗಿದ ಮೇಲೆ ಕರೆಯಲು ಉಳಿದವರೇ ಇರೋದಿಲ್ಲ. ಇನ್ನು ಇದು ಜೋಡಿ ಆಟ. ಒಬ್ಬ ಬೇಸತ್ತು ನಿಲ್ಲಿಸಿದರೆ ಅವನ ಜೊತೆ ಆಡುತ್ತಿದ್ದವರ ಆಟವೂ ನಿಂತುಹೋಗುತ್ತೆ. ಹತ್ತಲು ನೆರವಾದ ಏಣಿಯೇ ಇಳಿಯಲೂ ನೆರವಾಯಿತು. ಖರೀದಿಯ ಹೊತ್ತಿಗೆ ದಿನಕ್ಕೆ 1.4 ಕೋಟಿಯಷ್ಟು ಜನ ಆಡುತ್ತಿದ್ದರು. ಮೇ ತಿಂಗಳ ಆರಂಭಕ್ಕೆ ಅದು ಒಂದು ಕೋಟಿಯ ಆಸುಪಾಸಿಗೆ ಬಂದಾಗಿತ್ತು. ಇದನ್ನು ಊಹಿಸೋಕೆ ಎಂಬಿಎ ಬೇಕಿಲ್ಲ, ಬಿಇ ಮೊದಲ ವರ್ಷದ ಗಣಿತ ಸಾಕು.

ಅದೂ ಬೇಡ, ನಮ್ಮ ಮಲೆನಾಡಿನ ಕಡೆ ವೆನಿಲ್ಲಾ ಹಾಕಿದ ಯಾರನ್ನಾದರೂ ಕೇಳಿ. 2003ರ ಸುಮಾರಿಗೆ ಹಸಿ ಕೋಡು ಕೆಜಿಗೆ 3,000 ರೂಪಾಯಿ ದಾಟಿದಾಗ ಅಡಿಕೆ ತೋಟದ ಮರಮರಕ್ಕೂ ಬಳ್ಳಿ ಹಬ್ಬಿಸಿದರು, ರಾತ್ರಿಯೆಲ್ಲ ಟಾರ್ಚ್ ಹಿಡಿದು ಕಾವಲು ಕೂತರು. ಬಳ್ಳಿ ಕೋಡು ಬಿಡೋಕೆ ಮೂರು ವರ್ಷ ಬೇಕು. ಅಷ್ಟರಲ್ಲಿ ನೂರು ರೂಪಾಯಿಗೂ ಕೇಳೋರಿಲ್ಲ. ಆದರೂ ರೈತ ಸೋತದ್ದು ತನ್ನ ಸ್ವಂತ ದುಡ್ಡು.

ಜಿಂಗಾದಲ್ಲಿ ಸೋತವರು ಯಾರು ಅಂತ ನೋಡಿ. ಕೊಂಡ ಒಂದೇ ವಾರಕ್ಕೆ, ಮಾರ್ಚ್ ಕೊನೆಯಲ್ಲಿ, ಕಂಪನಿಯ ಒಳಗಿನ ದೊಡ್ಡವರು ತಮ್ಮ ಷೇರುಗಳನ್ನು 12 ಡಾಲರಿಗೆ ಮಾರಿದರು. ಪಿಂಕಸ್ ಒಬ್ಬರದ್ದೇ 1.65 ಕೋಟಿ ಷೇರು. ಸಾಮಾನ್ಯ ನೌಕರರು ಆಗ ಮಾರುವ ಹಾಗಿರಲಿಲ್ಲ. ಜುಲೈ ಮುಗಿಯುವಷ್ಟರಲ್ಲಿ ಷೇರು 3 ಡಾಲರಿನ ಹತ್ತಿರ ಇತ್ತು. ಅಕ್ಟೋಬರ್‌ನಲ್ಲಿ ಒಎಂಜಿಪಾಪ್ ಖರೀದಿಯ ಬಾಬ್ತು ಎಂಟೂವರೆಯಿಂದ ಒಂಬತ್ತೂವರೆ ಕೋಟಿ ಡಾಲರ್ ನಷ್ಟ ಬರೆಯುತ್ತೇವೆ ಅಂತ ಹೇಳಿದರು. ಅರ್ಧ ದುಡ್ಡು, ಏಳು ತಿಂಗಳಲ್ಲಿ. ತಪ್ಪಾಯ್ತು ಅಂತ ಕೂಡ ಅನ್ನಬೇಕಿಲ್ಲ, 'ಇಂಪೇರ್‌ಮೆಂಟ್' ಅಂತ ಒಂದು ಪದವಿದೆ.

ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಒಬ್ಬ ಪ್ರೋಗ್ರಾಮರ್‌ನ ಕಥೆ. ಶೇ ಪಿಯರ್ಸ್ ಅಂತ. ಒಎಂಜಿಪಾಪ್‌ನಲ್ಲಿದ್ದುಕೊಂಡು ಜಿಂಗಾಕ್ಕೆ ಬರೋಲ್ಲ ಅಂದವನು ಅವನೊಬ್ಬನೇ. ಅವನ ಬಳಿ 'ಕನೆಕ್ಟ್ರೋಡ್' ಅನ್ನೋ ಪುಟ್ಟ ಆಟವೊಂದಿತ್ತು, ಅವನೇ ಮಾಡಿದ್ದು, ಅವನದ್ದೇ. ಜಿಂಗಾ ಕೊಟ್ಟ ಕರಾರಿನ ಮಾತುಗಳನ್ನು ಓದಿದರೆ ನಾಳೆ ಅದು ಯಾರದ್ದಾಗುತ್ತೆ ಅನ್ನೋದು ಸ್ಪಷ್ಟವಿರಲಿಲ್ಲ. ಈ ಆಟ ನನ್ನದೇ ಅಂತ ಬರೆದುಕೊಡಿ ಅಂದ. ಆಗೋಲ್ಲ ಅಂದರು. ಅವನು ಕೆಲಸ ಬಿಟ್ಟ, ಯಾಕೆ ಬಿಟ್ಟೆ ಅಂತ ಗಮಾಸೂತ್ರದಲ್ಲಿ ಲೇಖನ ಬರೆದ. ಒಎಂಜಿಪಾಪ್ ಮುಖ್ಯಸ್ಥ ಡ್ಯಾನ್ ಪೋರ್ಟರ್, ಹೋದವನು ತಂಡದಲ್ಲೇ ದುರ್ಬಲ ಎಂಬರ್ಥದ ಟ್ವೀಟ್ ಹಾಕಿ, ಬೈಸಿಕೊಂಡು, ಆಮೇಲೆ ಕ್ಷಮೆ ಕೇಳಿದರು.

ಆರು ವಾರದ ಗ್ರಾಫ್ ನೋಡಿ 18 ಕೋಟಿ ಡಾಲರ್ ಸುರಿಯಬಲ್ಲ ಕಂಪನಿಗೆ ಒಂದು ಸಾಲು ಬರೆದುಕೊಡಲು ಆಗಲಿಲ್ಲ, ನೋಡಿ. ಅಷ್ಟು ದೊಡ್ಡ ಮೊತ್ತದಲ್ಲಿ ಸಡಿಲ, ಒಬ್ಬ ಮನುಷ್ಯ ತನ್ನ ಬಿಡುವಿನಲ್ಲಿ ಮಾಡಿಕೊಂಡದ್ದರಲ್ಲಿ ಬಿಗಿ. ಈ ಖರೀದಿಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಮುಳುಗಿದ ದುಡ್ಡಿನ ಬಗ್ಗೆ ನನಗೆ ಅಂಥ ಸಂಕಟವೇನಿಲ್ಲ.

ಇದು ಅಮೆರಿಕದ ಗೋಳು ಅಂತ ಪುಟ ತಿರುಗಿಸಬೇಡಿ. ಜಿಂಗಾ ಬೆಂಗಳೂರಿನಲ್ಲಿ ಆಫೀಸು ತೆರೆದದ್ದು 2010ರಲ್ಲಿ, ಅಲ್ಲಿ ಕೋಡ್ ಬರೆಯುವವರು ನಮ್ಮಂಥವರೇ. ಅದು ಬಿಡಿ, ಇಲ್ಲಿಯ ಯಾವ ಕಂಪನಿಯ ಅಪಾಯಿಂಟ್‌ಮೆಂಟ್ ಲೆಟರಿನಲ್ಲೂ ಇಂಥದ್ದೊಂದು ಪ್ಯಾರಾ ಇರೋದು ಅಪರೂಪವೇನಲ್ಲ. ಕೆಲಸದ ಭಾಗವಾಗಿ ಬರೆದ ಕೋಡ್ ಕಂಪನಿಯದ್ದು, ಕಾನೂನೂ ಹಾಗೇ ಹೇಳುತ್ತೆ, ಜಗಳವಿಲ್ಲ. ಆದರೆ ಕೆಲವು ಪತ್ರಗಳು 'ನೌಕರಿಯ ಅವಧಿಯಲ್ಲಿ ಸೃಷ್ಟಿಸಿದ್ದೆಲ್ಲ' ಅಂತ ಬೇಲಿಯನ್ನು ರಸ್ತೆಯ ತನಕ ಎಳೆದಿರ್ತವೆ. ಭಾನುವಾರ ನೀವು ಬರೆಯೋ ಕನ್ನಡ ನಿಘಂಟಿನ ಆ್ಯಪ್, ಊರಿನ ಸೊಸೈಟಿಗೆ ಅಂತ ಮಾಡಿಕೊಟ್ಟ ಹಾಲಿನ ಲೆಕ್ಕದ ಪ್ರೋಗ್ರಾಮು, ಎಲ್ಲ ಆ ಬೇಲಿಯೊಳಗೆ. ಸಾಮಾನ್ಯವಾಗಿ ನೋಟಿಸ್ ಪಿರಿಯಡ್ಡಿನ ಆಸುಪಾಸಿನಲ್ಲೇ ಇರುತ್ತೆ, ಸಣ್ಣ ಅಕ್ಷರದಲ್ಲಿ. ಇವತ್ತು ಮನೆಗೆ ಹೋದ ಮೇಲೆ ಆ ಪಿಡಿಎಫ್ ತೆಗೆದು ನೋಡಿ.